ಸಂಜೆ ಬೋಟ್ ಇಲ್ಲದ ದ್ವೀಪ

ನಮ್ಮಪ್ಪನಿಗೆ ಈಗ ಅರವತ್ತೇಳು. ಹುಟ್ಟಿದಾಗಿಂದ ಮಳೆ ನೋಡಿದ್ದಾರೆ, ಹೊಳೆ ನೋಡಿದ್ದಾರೆ, ಗೊರೂರಿನ ಹೇಮಾವತಿ ಡ್ಯಾಮ್ ತುಂಬಿ ಹಿನ್ನೀರು ಏರಿದ್ದನ್ನೂ ನೋಡಿದ್ದಾರೆ. ಸಮುದ್ರ ಮಾತ್ರ ನೋಡಿರಲಿಲ್ಲ. ಘಟ್ಟ ಇಳಿದರೆ ಅರ್ಧ ದಿನದ ದಾರಿ. ಆದರೂ ಆಗಿರಲಿಲ್ಲ. ಕೊಯ್ಲು, ಕಪಾತು, ಮಳೆಗಾಲ, ಮತ್ತೆ ಕೊಯ್ಲು. ಕೇಳಿದರೆ, “ತೋಟ ಯಾರು ನೋಡ್ಕೊತಾರೆ?” ಅನ್ನೋದು ಒಂದೇ ಉತ್ತರ.

ಈ ವರ್ಷ ಮಾರ್ಚ್ ಮೊದಲ ವಾರ ನಾನು ಅವರನ್ನು ಮಲ್ಪೆಗೆ ಕರೆದುಕೊಂಡು ಹೋದೆ. ಅಲ್ಲಿಂದ ಬೋಟ್ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ. ಸಮುದ್ರ ತೋರಿಸೋದು ನೆಪ ಅಷ್ಟೆ. ನಿಜವಾದ ಕಾರಣ ನನ್ನ ಫೋನಿನಲ್ಲಿತ್ತು: ತೋಟ ಕೊಳ್ಳುತ್ತೇವೆ ಎಂದು ಬೆಂಗಳೂರಿನ ಒಬ್ಬರು ಕಳಿಸಿದ್ದ ಮೆಸೇಜು. ರೆಸಾರ್ಟ್ ಮಾಡೋರು. ರೇಟೂ ಚೆನ್ನಾಗಿತ್ತು. ಮನೆಯಲ್ಲಿ ಆ ಮಾತು ತೆಗೆದರೆ ಅಪ್ಪ ಎದ್ದು ಕೊಟ್ಟಿಗೆ ಕಡೆ ಹೋಗಿಬಿಡುತ್ತಾರೆ. ಸುತ್ತ ನೀರಿರುವ ಜಾಗದಲ್ಲಿ ಎದ್ದು ಎಲ್ಲಿಗೆ ಹೋಗ್ತಾರೆ ಅಂತ ನನ್ನ ಲೆಕ್ಕಾಚಾರ.

ಆ ರಾತ್ರಿಯ ಫೋನು

ನಮ್ಮದು ಆಲೂರು ತಾಲ್ಲೂಕು, ಕೆ. ಹೊಸಕೋಟೆ ಹೋಬಳಿಯ ಒಂದು ಸಣ್ಣ ಊರು. ನಾಲ್ಕೂವರೆ ಎಕರೆ ಕಾಫಿ, ಸಿಲ್ವರ್ ಮರಕ್ಕೆ ಹಬ್ಬಿಸಿದ ಮೆಣಸು, ಒಂದೆಕರೆ ಗದ್ದೆ. ಗದ್ದೆ ಬೀಳುಬಿಟ್ಟು ಆರು ವರ್ಷ ಆಯಿತು. ನಾಟಿ ಮಾಡಿದ್ದೆಲ್ಲ ಆನೆ ಹೊಟ್ಟೆಗೇ ಹೋಗುತ್ತಿತ್ತು.

ಕಳೆದ ನವೆಂಬರ್‌ನ ಒಂದು ರಾತ್ರಿ ನಾನು ಆಫೀಸಿನ ರಿಲೀಸ್ ಕಾಲ್‌ನಲ್ಲಿದ್ದೆ. ಮಧ್ಯೆ ಬಿಡುವು ಮಾಡಿಕೊಂಡು ಮನೆಗೆ ಫೋನ್ ಮಾಡಿದೆ. ಅಪ್ಪ ಎತ್ತಿದರು. ದನಿ ಇಲ್ಲ, ಬರೀ ಉಸಿರು. “ಆಮೇಲೆ ಮಾಡ್ತೀನಿ ಕಣವ್ವ. ಅಂಗಳದಲ್ಲಿ ನಿಂತಿದೆ.” ಕಟ್ ಆಯಿತು.

ಮುಂದಿನ ನಲವತ್ತು ನಿಮಿಷ ನಾನು ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಯಾರೋ ಏನೋ ಕೇಳುತ್ತಿದ್ದರು, ನಾನು “ಯೆಸ್, ಯೆಸ್” ಅನ್ನುತ್ತಿದ್ದೆ. ಒಂಟಿ ಸಲಗ ಶೆಡ್ಡಿನ ಬಾಗಿಲು ಮುರಿದು ಭತ್ತದ ಚೀಲ ಎಳೆದುಕೊಂಡು ಹೋಗಿತ್ತು. ಅಪ್ಪ ಅಮ್ಮ ಲೈಟ್ ಆರಿಸಿ ಅಡುಗೆಮನೆ ನೆಲದಲ್ಲಿ ಕೂತಿದ್ದರಂತೆ. ಮಾರನೇ ದಿನ ಬೆಳಿಗ್ಗೆಯಿಂದಲೇ ನಾನು “ಮಾರಿಬಿಡೋಣ” ಅನ್ನೋಕೆ ಶುರುಮಾಡಿದ್ದು.

ಆಲೂರು, ಸಕಲೇಶಪುರ ಕಡೆಯವರಿಗೆ ಇದು ಹೊಸ ಕಥೆ ಅಲ್ಲ. ನಮ್ಮ ಕಡೆ ಕಾಡು ಒಂದೇ ಹಾಸಾಗಿ ಉಳಿದಿಲ್ಲ. ತೋಟ, ಗದ್ದೆ, ರಸ್ತೆ, ರೈಲು ಹಳಿ, ಹೇಮಾವತಿ ಹಿನ್ನೀರು, ಇವುಗಳ ನಡುವೆ ಅಲ್ಲೊಂದು ಇಲ್ಲೊಂದು ತುಂಡು. ಆನೆಗಳು ಹಗಲು ತೋಟದ ನೆರಳಲ್ಲಿ ನಿಂತು, ಕತ್ತಲಾದ ಮೇಲೆ ಊರಿಗೆ ಇಳಿಯುತ್ತವೆ. ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ಕೊಟ್ಟ ವರದಿಯಲ್ಲಿ, ಆಲೂರು ಭಾಗದ ಆನೆಗಳನ್ನು ಹಿಡಿದು ಸಾಗಿಸಬೇಕು ಎಂದು ಹೇಳಿತ್ತು. 2014ರ ಹೊತ್ತಿಗೆ 22 ಆನೆಗಳನ್ನು ಹಿಡಿದರು. ಆಗ ಊರಲ್ಲಿ ಹಬ್ಬವೇ ಆಗಿತ್ತು. ಸ್ವಲ್ಪ ಕಾಲ ಕಳೆದ ಮೇಲೆ ಆ ಖಾಲಿ ಜಾಗಕ್ಕೆ ಬೇರೆ ಆನೆಗಳು ಬಂದವು.

ನೀರು ಎರಡಾಗುವ ಜಾಗ

ಹೊರಡೋ ದಿನ ಬೆಳಿಗ್ಗೆ ಐದಕ್ಕೇ ಬಿಡೋಣ ಅಂದೆ. “ಆರೂವರೆ ಆಗದೆ ಗಾಡಿ ತೆಗೀಬೇಡ,” ಅಂದರು ಅಪ್ಪ. ಅಮ್ಮ ಬರಲಿಲ್ಲ. ಹಸು ಕರು ಹಾಕಿ ವಾರ ಆಗಿತ್ತು. ಪಕ್ಕದ ಮನೆಯ ಅತ್ತೆ ರಾತ್ರಿ ಜೊತೆಗೆ ಮಲಗೋಕೆ ಒಪ್ಪಿದ್ದರು. ಅಮ್ಮ ಅಕ್ಕಿ ರೊಟ್ಟಿ, ಕಾಯಿ ಚಟ್ನಿ ಕಟ್ಟಿಕೊಟ್ಟು, “ಸಮುದ್ರಕ್ಕೆ ಒಂದು ತೆಂಗಿನಕಾಯಿ ಒಡೆದು ಬನ್ನಿ,” ಅಂದರು.

ಶಿರಾಡಿ ಬಿಟ್ಟು ಬಿಸಿಲೆ ಘಾಟಿ ದಾರಿ ಹಿಡಿದೆವು. ಯಸಳೂರು ದಾಟುವಾಗ ಅಪ್ಪ ಸುಮ್ಮನೆ ಕೈ ಮುಗಿದರು. ಅಂಬಾರಿ ಹೊತ್ತಿದ್ದ ಅರ್ಜುನ, 2023ರ ಡಿಸೆಂಬರ್ 4ರಂದು, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸತ್ತದ್ದು ಈ ಕಡೆಯ ಕಾಡಿನಲ್ಲೇ. ಶೆಡ್ಡಿನ ಬಾಗಿಲು ಮುರಿದ ಆನೆಗೆ ಬಯ್ಯುವ ಅಪ್ಪನೇ ಅರ್ಜುನನಿಗೆ ಕೈ ಮುಗಿಯುವುದು. ನಮ್ಮ ಕಡೆ ಬಹಳ ಜನ ಹೀಗೇ.

ಹೆತ್ತೂರು ದಾಟಿ ಬಿಸಿಲೆ ಹತ್ತಿರ ಬಂದಾಗ ಮಂಕನಹಳ್ಳಿ ಬಳಿ ಗಾಡಿ ನಿಲ್ಲಿಸಿದೆ. ಅಲ್ಲೊಂದು ಕಲ್ಲಿದೆ. ಆ ಏಣಿನ ಒಂದು ಬದಿಗೆ ಬಿದ್ದ ಮಳೆ ಹೇಮಾವತಿ ಸೇರಿ, ಕಾವೇರಿಯಾಗಿ ಬಂಗಾಳ ಕೊಲ್ಲಿಗೆ. ಇನ್ನೊಂದು ಬದಿಯದು ಕುಮಾರಧಾರೆ, ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ. ಅಪ್ಪ ನೀರಿನ ಬಾಟಲಿ ತೆಗೆದು ಆ ಕಡೆ ಒಂದಿಷ್ಟು, ಈ ಕಡೆ ಒಂದಿಷ್ಟು ಸುರಿದರು. “ನಮ್ಮ ತೋಟದ ನೀರು ಇಷ್ಟು ವರ್ಷ ದೂರದ ಸಮುದ್ರಕ್ಕೇ ಹೋಗ್ತಿತ್ತು ನೋಡು. ಹತ್ತಿರದ್ದು ಬಿಟ್ಟು.” ಅದಕ್ಕೇ ತಾವೂ ಹೋಗಿಲ್ಲ ಅನ್ನೋ ಹಾಗೆ ನಕ್ಕರು.

ಕುಕ್ಕೆಯಲ್ಲಿ ದರ್ಶನ ಮಾಡಿಕೊಂಡು, ಸಂಜೆಗೆ ಉಡುಪಿ ಸೇರಿ, ಮಾರನೇ ದಿನ ಬೆಳಿಗ್ಗೆ ಮಲ್ಪೆ.

ಮೆಣಸಿಗಾಗಿ ಬಂದವನು

ಮಲ್ಪೆ ಬಂದರಿನ ಮೀನಿನ ವಾಸನೆಗೆ ಅಪ್ಪ ಟವೆಲ್ಲು ಮೂಗಿಗೆ ಇಟ್ಟುಕೊಂಡರು. ಸಮುದ್ರ ಕಂಡಾಗ ಏನಾದರೂ ದೊಡ್ಡ ಮಾತು ಹೇಳಬಹುದು ಅಂತ ನಾನು ಕಾಯುತ್ತಿದ್ದೆ. ಅವರು ಬಹಳ ಹೊತ್ತು ನೋಡಿ, “ಆ ಕಡೆ ದಡ ಇಲ್ವಲ್ಲ,” ಅಂದರು. ಕಾಯಿ ಒಡೆದು ಅಲೆಗೆ ಬಿಟ್ಟೆವು. ಅಲೆ ಎರಡು ಸಲ ವಾಪಸ್ ತಂದು ಹಾಕಿ, ಮೂರನೇ ಸಲ ಒಯ್ದಿತು.

ದ್ವೀಪ ಮಲ್ಪೆಯಿಂದ ಸುಮಾರು 6 ಕಿಲೋಮೀಟರ್. ಬೋಟಿನಲ್ಲಿ ಹತ್ತಿರ ಹತ್ತಿರ ಅರ್ಧ ಗಂಟೆ. ತೀರ ಚಿಕ್ಕದಾಗುತ್ತಾ ಹೋದ ಹಾಗೆ ಅಪ್ಪ ನನ್ನ ಮೊಣಕೈ ಹಿಡಿದುಕೊಂಡರು. ದ್ವೀಪದ ಹತ್ತಿರ ನೀರು ಆಳ ಇಲ್ಲ. ದೊಡ್ಡ ಬೋಟಿನಿಂದ ಸಣ್ಣ ದೋಣಿಗೆ ದಾಟಬೇಕಾಯಿತು. “ನಿಧಾನ ಮಾರಾಯ್ರೆ, ಕಾಲು ಇಲ್ಲಿಡಿ,” ಎಂದು ದೋಣಿಯವರು ಅಪ್ಪನ ಎರಡೂ ಕೈ ಹಿಡಿದು ಇಳಿಸಿಕೊಂಡರು.

ಇದು ಒಂದೇ ದ್ವೀಪ ಅಲ್ಲ. ಉತ್ತರ ದ್ವೀಪ, ತೆಂಗಿನ ದ್ವೀಪ, ದರಿಯಾ ಬಹದ್ದೂರ್‌ಗಡ, ದಕ್ಷಿಣ ದ್ವೀಪ ಎಂದು ಮುಖ್ಯವಾಗಿ ನಾಲ್ಕು. ಪ್ರವಾಸಿಗಳು ಹೋಗೋದು ತೆಂಗಿನ ದ್ವೀಪಕ್ಕೆ. ಸುಮಾರು ಅರ್ಧ ಕಿಲೋಮೀಟರ್ ಉದ್ದ, ನೂರು ಮೀಟರ್ ಅಗಲ. ಸ್ಥಳೀಯರು ತೋನ್ಸೆಪಾರ್ ಅಂತಲೂ ಕರೆಯುತ್ತಾರೆ. 1498ರಲ್ಲಿ ಹಾಯಿಹಡಗಿನಲ್ಲಿ ಬಂದ ವಾಸ್ಕೋ ಡ ಗಾಮ ಇಲ್ಲಿ ಕಲ್ಲುಕಂಬ ನೆಟ್ಟು, ಮೇರಿಯ ಹೆಸರಿಟ್ಟ ಎನ್ನುತ್ತಾರೆ.

“ಅಷ್ಟು ದೂರದಿಂದ ಯಾಕೆ ಬಂದಿದ್ದ?” ಅಪ್ಪ ಕೇಳಿದರು.

“ಮೆಣಸಿಗೆ ಅಪ್ಪ. ಕರಿಮೆಣಸಿಗೆ.”

ಅಪ್ಪ ನಿಂತುಬಿಟ್ಟರು. “ಮೆಣಸಿಗೆ? ನಮ್ಮ ಮಂಡಿಯವರಿಗೆ ಹೇಳಬೇಕು ಇದನ್ನ. ನಾನು ಮನೆಬಾಗಿಲಿಗೇ ತಂದು ಕೊಟ್ರೂ ತೇವ ಇದೆ ಅಂತ ರೇಟು ಕಮ್ಮಿ ಮಾಡ್ತಾರೆ.”

ಕಲ್ಲು ಓದಿದ್ದು

ದ್ವೀಪವನ್ನು ನಡೆದೇ ನೋಡಬೇಕು. ಮೊದಲು ತೆಂಗಿನ ಮರಗಳು, ಮರಳಿನ ಬದಲು ಚಿಪ್ಪಿನ ಹಾಸು. ಪಶ್ಚಿಮಕ್ಕೆ ತಿರುಗಿದರೆ ಕಲ್ಲು. ಯಾರೋ ಆಚಾರಿ ಕೂತು ಕೆತ್ತಿ ಜೋಡಿಸಿದ ಹಾಗೆ ಕಂಬಗಳು. ಐದು ಮುಖ, ಆರು ಮುಖ, ಕೆಲವಕ್ಕೆ ಏಳು. ಒಂದಕ್ಕೊಂದು ಅಂಟಿಕೊಂಡು ನೆಟ್ಟಗೆ ನಿಂತಿವೆ. ಕೆಲವು ಕಡೆ ಕಡಿದು ಮೆಟ್ಟಿಲಾಗಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ಒಂದಾಗಿ ಗುರುತಿಸಿದೆ.

ಬರುವ ಮೊದಲು ನಾನು ಒಂದಿಷ್ಟು ಓದಿಕೊಂಡಿದ್ದೆ. ಇದು ಲಾವಾ ಹರಿದು ಆರಿದಾಗ ಆದ ಕಲ್ಲು. ಎಲ್ಲರೂ ಬಸಾಲ್ಟ್ ಅಂತಲೇ ಕರೆಯುತ್ತಾರೆ. ಆದರೆ ಇದು ಸಿಲಿಕಾ ಹೆಚ್ಚಿರುವ ರಯೋಲೈಟ್, ಡೇಸೈಟ್ ಜಾತಿಗೆ ಸೇರಿದ್ದು. ಬಿಸಿ ಲಾವಾ ಆರುವಾಗ ಕುಗ್ಗುತ್ತದೆ, ಕುಗ್ಗಿದಾಗ ಬಿರುಕು ಬಿಡುತ್ತದೆ. ಎಲ್ಲ ಕಡೆ ಎಳೆತ ಸಮನಾಗಿದ್ದರೆ ಬಿರುಕುಗಳು ಸರಿಸುಮಾರು 120 ಡಿಗ್ರಿ ಕೋನದಲ್ಲಿ ಮೂರು ದಾರಿಯಾಗಿ ಕವಲೊಡೆಯುತ್ತವೆ. ಅಂಥ ಕವಲುಗಳು ಸೇರಿದರೆ ಆರು ಮುಖ. ಮೇಲಿನಿಂದ ಒಳಗೆ ಆರುತ್ತಾ ಹೋದ ಹಾಗೆ ಬಿರುಕೂ ಇಳಿಯುತ್ತದೆ, ಕಂಬ ಆಗುತ್ತದೆ. ಕಡಿಮೆ ಖರ್ಚಿನಲ್ಲಿ ಕೆಲಸ ಮುಗಿಸೋ ಪ್ರಕೃತಿಯ ಆಪ್ಟಿಮೈಸೇಷನ್ ಎಂದೆಲ್ಲ ನಾನು ವಿವರಿಸುತ್ತಿದ್ದೆ.

ಅಪ್ಪ ಕಲ್ಲಿನ ಮೇಲೆ ಕೈಯಾಡಿಸಿ, “ಬೇಸಿಗೇಲಿ ಕೆರೆ ಅಂಗಳ ಬಿರುಕು ಬಿಡುತ್ತಲ್ಲ, ಹಾಗೆ ಅನ್ನು,” ಅಂದರು. ಅಷ್ಟೇ. ನನ್ನ ಐದು ನಿಮಿಷದ ಪಾಠ ಒಂದು ಸಾಲಲ್ಲಿ ಮುಗಿಯಿತು.

“ಎಷ್ಟು ವರ್ಷದ್ದು ಇದು?”

“ಸುಮಾರು 8.8 ಕೋಟಿ ವರ್ಷ.”

“ನಮ್ಮ ಕಡೆ ಕಲ್ಲು?”

“ಗೊರೂರು ಸುತ್ತಮುತ್ತಲ ಹಳೇ ನೈಸ್ ಕಲ್ಲು 330 ಕೋಟಿ ವರ್ಷದ್ದು ಅಂತಾರೆ.”

ಅಪ್ಪನ ಮುಖ ಅರಳಿತು. “ಹಾಗಾದ್ರೆ ಇದು ನಮ್ಮ ಕಲ್ಲಿನ ಮೊಮ್ಮಗ.”

ಈ ಮೊಮ್ಮಗನಿಗೂ ನಮ್ಮ ಬೆಟ್ಟಕ್ಕೂ ಇನ್ನೊಂದು ನಂಟಿದೆ. ಆ ಕಾಲದಲ್ಲಿ ಮಡಗಾಸ್ಕರ್ ನಮ್ಮ ಕರಾವಳಿಗೆ ಅಂಟಿಕೊಂಡಿತ್ತು. ಭೂಮಿ ಸೀಳಿ ಅದು ಬೇರೆಯಾಗುವ ಹೊತ್ತಿಗೆ ಉಕ್ಕಿದ ಲಾವಾವೇ ಈ ದ್ವೀಪ. ಅದೇ ವಯಸ್ಸಿನ ಜ್ವಾಲಾಮುಖಿ ಶಿಲೆ ಮಡಗಾಸ್ಕರ್‌ನಲ್ಲೂ ಇದೆ. ಹೀಗೆ ಒಡೆದುಕೊಂಡ ಭೂಭಾಗದ ಅಂಚು ಮೇಲೆದ್ದು, ಸವೆದು, ಕೋಟ್ಯಂತರ ವರ್ಷಗಳಲ್ಲಿ ಹಿಂದಕ್ಕೆ ಸರಿಯುತ್ತಾ ಉಳಿದದ್ದು ಪಶ್ಚಿಮ ಘಟ್ಟದ ಈ ಕಡಿದಾದ ಗೋಡೆ. ಬಿಸಿಲೆಯಲ್ಲಿ ನಿಂತು ಕೆಳಗೆ ನೋಡಿದರೆ ಕಾಣುವ ಪ್ರಪಾತದ ಕಥೆಯ ಒಂದು ಪುಟ ಇಲ್ಲಿ ನೀರಿನ ಮಧ್ಯೆ ಬಿದ್ದಿದೆ.

ಅಪ್ಪ ಅದನ್ನು ಕೇಳಿಸಿಕೊಂಡು ಪಶ್ಚಿಮದ ಕಡೆ ನೋಡಿದರು. “ಬೇರೆ ಹೋದೋರು ಬಹಳ ದೂರ ಹೋದ್ರು,” ಅಂದರು. ನಾನು ಬೆಂಗಳೂರಿಗೆ ಹೋಗಿ ಎಂಟು ವರ್ಷ. ಅದಕ್ಕೆ ಹೇಳಿದರೋ, ಸುಮ್ಮನೆ ಹೇಳಿದರೋ ಗೊತ್ತಿಲ್ಲ. ಕೇಳಲಿಲ್ಲ.

ತೆಂಗಿನ ಮರದ ಕೆಳಗೆ

ದ್ವೀಪದ ಈ ತುದಿಯಿಂದ ಆ ತುದಿಗೆ ನಡೆದು, ನೆರಳು ನೋಡಿ ಕೂತೆವು. ಅಪ್ಪ ತೋಟದಲ್ಲಿ ನಡೆಯುವ ಹಾಗೇ ಇಲ್ಲೂ ನಡೆದಿದ್ದರು. ಗಿಡ ಮುಟ್ಟೋದು, ಮಣ್ಣು ಬೆರಳಲ್ಲಿ ಉಜ್ಜೋದು. “ಮಣ್ಣೇ ಇಲ್ಲ. ಬರೀ ಚಿಪ್ಪಿನ ಪುಡಿ. ತೆಂಗು ಬಿಟ್ರೆ ಏನು ಬಂದೀತು.”

ಈಗ ಮಾತು ತೆಗೆಯಬೇಕು. ಫೋನ್ ಕೈಗೆ ತೆಗೆದುಕೊಂಡೆ. ಅಷ್ಟರಲ್ಲಿ ಕಾವಲಿನ ಹುಡುಗನೊಬ್ಬ ಬಂದ. ಒದ್ದೆ ಕಲ್ಲಿನ ಮೇಲೆ ನಿಂತು ಸೆಲ್ಫಿ ತೆಗೆಯುತ್ತಿದ್ದ ಗುಂಪಿಗೆ ಸೀಟಿ ಊದಿ ಕೆಳಗೆ ಇಳಿಸಿ, ನಮ್ಮ ಪಕ್ಕ ನೆರಳಿಗೆ ನಿಂತ.

ಅಪ್ಪ ಕೇಳಿದರು, “ಇಲ್ಲಿ ರಾತ್ರಿ ಯಾರಿರ್ತಾರಪ್ಪ?”

“ಯಾರೂ ಇಲ್ಲ. ಉಳಿಯಲಿಕ್ಕೆ ಬಿಡುವುದಿಲ್ಲ. ಸಂಜೆ ಲಾಸ್ಟ್ ಬೋಟಿಗೆ ಎಲ್ಲರನ್ನೂ ಹತ್ತಿಸಿ, ಒಂದು ಸುತ್ತು ನೋಡಿಯೇ ನಾವು ಹೋಗುವುದು.”

“ಯಾರಾದ್ರೂ ಉಳಿದುಬಿಟ್ರೆ?”

“ಇಲ್ಲ ಇಲ್ಲ, ಹುಡುಕಿ ಕರಕೊಂಡು ಹೋಗ್ತೇವೆ.”

ಹುಡುಗ ಹೋದ ಮೇಲೆ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಇದನ್ನ ದ್ವೀಪ ಅಂತೀರಿ. ನಮ್ಮೂರೇ ದ್ವೀಪ ಕಣವ್ವ. ಇಲ್ಲಾದ್ರೆ ಸಂಜೆ ಬೋಟ್ ಬರುತ್ತೆ, ಉಳಿದೋರ್ನ ಹುಡುಕ್ತಾರೆ. ನಮಗೆ ಆರು ಗಂಟೆ ಆದ್ಮೇಲೆ ಯಾವ ಬೋಟೂ ಇಲ್ಲ. ನಿಮ್ಮಮ್ಮಂಗೆ ರಾತ್ರಿ ಎದೆ ನೋವು ಬಂದ್ರೆ ನಾನು ಏನ್ಮಾಡ್ಲಿ ಅಂತ ದಿನಾ ಯೋಚನೆ ಮಾಡ್ತೀನಿ.”

ನಾನು ಮೂರು ತಿಂಗಳಿಂದ ಹೇಳುತ್ತಿದ್ದ ಮಾತನ್ನೇ ಅವರು ಹೇಳಿದ್ದರು. ಅವರಿಗೆ ಭಯವೇ ಇಲ್ಲ, ಹಟ ಮಾತ್ರ ಅಂದುಕೊಂಡಿದ್ದೆ.

“ಹಾಗಾದ್ರೆ ಮಾರೋಣ ಅಪ್ಪ,” ಅಂದೆ. ಮೆಸೇಜು ತೋರಿಸಿದೆ. ಅಪ್ಪ ಕನ್ನಡಕ ಹಾಕಿಕೊಂಡು ಓದಿದರು. ಎದ್ದು ಹೋಗಲಿಲ್ಲ.

“ಒಳ್ಳೆ ರೇಟು. ಆದ್ರೆ ರೆಸಾರ್ಟು ಬಂದ್ರೆ ಸುತ್ತ ಬೇಲಿ ಹಾಕ್ತಾರೆ, ರಾತ್ರಿಯೆಲ್ಲ ಲೈಟು. ಆನೆ ನಮ್ಮ ಕಂಡಿಲಿ ಹೋಗೋದು ಬಿಟ್ಟು ಪಕ್ಕದ ಮನೆ ಅಂಗಳಕ್ಕೆ ತಿರುಗುತ್ತೆ. ನಿನ್ನೆ ನಿಮ್ಮಮ್ಮನ ಜೊತೆ ಮಲಗೋಕೆ ಬಂದ್ಲಲ್ಲ, ಅವಳ ಮನೆಗೆ. ನಾವು ಬೋಟ್ ಹತ್ತಿ ಅವರನ್ನ ಬಿಟ್ಟು ಬಂದಂಗಾಗುತ್ತೆ.”

“ಅದಕ್ಕೆ ನೀವು ಅಲ್ಲೇ ಇರ್ತೀರಾ?”

“ಮಾರಲ್ಲ ಅಂತ ಹೇಳಿಲ್ಲ. ಇನ್ನೆರಡು ಕೊಯ್ಲು ನೋಡಣ. ಅಷ್ಟರಲ್ಲಿ ಒಂದು ಬೋಟ್ ಮಾಡಿಕೊಡು ನೋಡು.”

“ಬೋಟಾ?”

“ರಾತ್ರಿ ಆಚೆ ಬರೋಕೆ ಒಂದು ದಾರಿ. ನೀನು ಇಂಜಿನಿಯರ್ ಅಲ್ವಾ.”

ಬೋಟ್ ಅಂದರೆ

ವಾಪಸ್ ಬರುವಾಗ ದಾರಿಯುದ್ದಕ್ಕೂ ಅದೇ ಲೆಕ್ಕ ಹಾಕಿದೆವು. ಮನೆ ಸೇರಿದ ಮೇಲೆ ನಾಲ್ಕು ದಿನ ರಜೆ ಮುಂದುವರಿಸಿದೆ. ಮಾಡಿದ್ದು ದೊಡ್ಡ ಆವಿಷ್ಕಾರ ಏನಲ್ಲ.

ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯ ಹುಡುಗರು ಆನೆ ಎಲ್ಲಿದೆ ಅಂತ ದಿನಾ ವಾಟ್ಸಾಪ್‌ನಲ್ಲಿ ಹಾಕುತ್ತಾರೆ. ಅಪ್ಪನದು ಬಟನ್ ಫೋನು, ಅದು ಅವರಿಗೆ ತಲುಪುತ್ತಲೇ ಇರಲಿಲ್ಲ. ನನಗೆ ಇದು ಇಷ್ಟು ದಿನ ಹೊಳೆದೇ ಇರಲಿಲ್ಲ ಅನ್ನೋದೇ ನಾಚಿಕೆ. ಈಗ ಅಮ್ಮನ ಕೈಗೆ ಸ್ಮಾರ್ಟ್‌ಫೋನ್ ಬಂದಿದೆ. ಗ್ರೂಪಿಗೆ ಸೇರಿಸಿದ್ದೇವೆ. ಊರಲ್ಲಿ ಬಟನ್ ಫೋನಿರುವ ಮನೆ ಒಂಬತ್ತು. ಮೆಸೇಜ್ ಬಂದ ಕೂಡಲೇ ಅಮ್ಮ ಆ ಒಂಬತ್ತು ಮನೆಗೂ ಫೋನ್ ಮಾಡುತ್ತಾರೆ. ಭತ್ತ, ಹಲಸಿನಹಣ್ಣು ಮನೆಯ ಹತ್ತಿರ ಇಡೋದು ನಿಲ್ಲಿಸಿದ್ದಾರೆ, ವಾಸನೆಗೇ ಆನೆ ಬರೋದು. ಮನೆಯಿಂದ ಟಾರ್ ರಸ್ತೆವರೆಗಿನ ದಾರಿಯ ಎರಡೂ ಬದಿ ಪೊದೆ ಸವರಿಸಿದೆವು, ಆನೆ ನಿಂತಿದ್ದರೆ ದೂರದಿಂದಲೇ ಕಾಣಲಿ ಅಂತ. ಊರಿನಲ್ಲಿ ಜೀಪಿರುವ ಇಬ್ಬರ ಜೊತೆ ಮಾತಾಡಿದ್ದೇವೆ: ಯಾರ ಮನೆಯಲ್ಲಿ ರಾತ್ರಿ ತೊಂದರೆ ಆದರೂ ಒಬ್ಬರೇ ಹೊರಡೋದಲ್ಲ, ಕಾರ್ಯಪಡೆಗೆ ಫೋನ್ ಮಾಡಿ, ಎರಡು ಗಾಡಿ ಜೊತೆಯಾಗಿ ಹೊರಡಬೇಕು. ನಾನು ಕೊಯ್ಲಿನ ತಿಂಗಳುಗಳಲ್ಲಿ ಮನೆಯಿಂದಲೇ ಕೆಲಸ ಮಾಡೋಕೆ ಮ್ಯಾನೇಜರ್ ಹತ್ತಿರ ಕೇಳಿದ್ದೇನೆ. ನೆಟ್‌ವರ್ಕ್ ಸಿಗೋದು ಅಟ್ಟದ ಮೇಲೆ ಒಂದು ಮೂಲೆಯಲ್ಲಿ ಮಾತ್ರ. ಅಲ್ಲಿಗೆ ಮೇಜು ಹತ್ತಿಸಿಯಾಗಿದೆ.

ಆನೆಯ ಸಮಸ್ಯೆ ಇದರಿಂದ ಬಗೆಹರಿದಿಲ್ಲ. ಅವುಗಳಿಗೂ ಆ ಕಾಡಿನ ತುಂಡಿನಿಂದ ಆಚೆ ಹೋಗೋಕೆ ದಾರಿ ಇಲ್ಲ. ಒಂದು ಲೆಕ್ಕದಲ್ಲಿ ನಾವೂ ಅವೂ ಒಂದೇ ದ್ವೀಪದವರು. ಎರಡು ಕೊಯ್ಲು ಆದ ಮೇಲೆ ಏನಾಗುತ್ತದೋ. ಆ ಮೆಸೇಜನ್ನು ನಾನು ಅಳಿಸಿಲ್ಲ, ಉತ್ತರವನ್ನೂ ಕೊಟ್ಟಿಲ್ಲ.

ನೀವೂ ಹೋಗೋದಾದರೆ

ದ್ವೀಪಕ್ಕೆ ಹೋಗೋರಿಗೆ ನಾಲ್ಕು ಮಾತು. ಮಳೆಗಾಲದಲ್ಲಿ ಬೋಟ್ ಇರುವುದಿಲ್ಲ. ಮಳೆ ನಿಂತ ಮೇಲೆ ಬೇಸಿಗೆಯವರೆಗೆ ಹೋಗಬಹುದು, ಆದರೂ ಮಲ್ಪೆಯಲ್ಲಿ ವಿಚಾರಿಸಿಕೊಂಡೇ ಹೊರಡಿ. ಬೆಳಗಿನ ಬೋಟ್ ಹಿಡಿಯಿರಿ, ಹನ್ನೊಂದರ ಮೇಲೆ ಕಲ್ಲು ಕಾದು ಕಾಲಿಡೋಕೆ ಆಗಲ್ಲ. ಜಾರದ ಚಪ್ಪಲಿ, ಟೋಪಿ, ಕುಡಿಯೋ ನೀರು ಇರಲಿ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಹತ್ತಬೇಡಿ, ಸೀಟಿ ಊದಿದರೆ ಇಳಿಯಿರಿ. ಚಿಪ್ಪು ಎಷ್ಟೇ ಚೆನ್ನಾಗಿದ್ದರೂ ಅಲ್ಲೇ ಬಿಟ್ಟು ಬನ್ನಿ.

ಇನ್ನೊಂದು. ನಿಮ್ಮ ಮನೆಯಲ್ಲೂ ಸಮುದ್ರ ನೋಡದ ಅಪ್ಪನೋ ಅಮ್ಮನೋ ಇದ್ದರೆ ಜೊತೆಗೆ ಕರೆದುಕೊಂಡು ಹೋಗಿ. ಮನೆಯಲ್ಲಿ ಆಡದ ಮಾತು ಅಲ್ಲಿ ಆಡುತ್ತಾರೆ.

ಮೊನ್ನೆ ರಾತ್ರಿ ಏಳೂವರೆಗೆ ಅಮ್ಮನ ಫೋನ್ ಬಂತು. ಹೂಮಳೆ ಬಂದು ತೋಟವೆಲ್ಲ ಬೆಳ್ಳಗೆ ಹೂವಾಗಿದೆಯಂತೆ. ಹಿಂದಿನಿಂದ ಅಪ್ಪನ ದನಿ ಕೇಳಿಸಿತು: “ಆನೆ ಹೊಳೆ ಆ ಕಡೆ ಇದೆ ಅಂತ ಮೆಸೇಜ್ ಬಂದಿದೆ, ಒಂಬತ್ತು ಮನೆಗೂ ಹೇಳಾಯ್ತು ಅಂತ ಹೇಳು.”